ಕಾಲೇಜಿಗೆ ಬಂದ ಸಿಪಾಯಿ

ಪದವಿ ಓದುವ ಹುಡುಗಿ ಕಾರ್ಟೂನು ನೋಡುತ್ತಾಳೆಂಬುದು ಹೊರಗೆ ತಿಳಿಯಬಾರದೆಂದು ನಾನು ಬಹಳ ಜಾಗ್ರತೆ ವಹಿಸುತ್ತಿದ್ದೆ. ಟೀವಿಯ ಮುಂದೆ ಕೂತಾಗ ತೊಡೆಯ ಮೇಲೆ ರಸಾಯನಶಾಸ್ತ್ರದ ಪುಸ್ತಕ ತೆರೆದಿರುತ್ತಿತ್ತು. ಪುಟ ಮಾತ್ರ ತಿರುಗುತ್ತಿರಲಿಲ್ಲ.

ತುಮಕೂರಿನ ನಮ್ಮ ಬೀದಿಯ ಕೇಬಲ್ಲಿಗೆ ಜಪಾನಿನ ಕಾರ್ಟೂನುಗಳು ಆಗಷ್ಟೇ ಬಂದಿದ್ದವು. ನನಗೂ ತಂಗಿ ರೂಪಾಳಿಗೂ ಹಿಡಿಸಿದ ಧಾರಾವಾಹಿಯಲ್ಲಿ ಒಬ್ಬ ಎಳೆಯ ಸಿಪಾಯಿ, ಯುದ್ಧದಲ್ಲೇ ಬೆಳೆದವನು. ಒಬ್ಬ ಹುಡುಗಿಯನ್ನು ಗುಟ್ಟಾಗಿ ಕಾಯಲೆಂದು ಅವನನ್ನು ಹೈಸ್ಕೂಲಿಗೆ ಸೇರಿಸುತ್ತಾರೆ. ಒಂದು ವಾರ ದೈತ್ಯ ಯಂತ್ರಗಳ ಕಾಳಗ, ಮರುವಾರ ತರಗತಿಯ ಫಜೀತಿ. ಯಾರೋ ಮರೆತುಹೋದ ಊಟದ ಡಬ್ಬಿ ಅವನ ಕಣ್ಣಿಗೆ ಬಾಂಬು. ಹುಡುಗಿ ಅವಮಾನದಿಂದ ಕುಗ್ಗುತ್ತಾಳೆ, ಬೈಯುತ್ತಾಳೆ. ಅವನು ಮರುದಿನ ಮತ್ತೆ ಹಾಜರು. ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು.

ಅಪ್ಪ ನಗುತ್ತಿರಲಿಲ್ಲ. ಕುಣಿಗಲ್ ಕಡೆಯವರು, ಸೇನೆಯಿಂದ ನಿವೃತ್ತರಾಗಿ ಹಿರೇಹಳ್ಳಿಯ ಕಾರ್ಖಾನೆಯೊಂದರ ಗೇಟು ಕಾಯುತ್ತಿದ್ದರು. ಗುಬ್ಬಿಯ ಅತ್ತೆ ಮನೆಗೆ ಹೊರಟರೂ ಬಸ್ಸಿಗೆ ಅರ್ಧ ಗಂಟೆ ಮೊದಲೇ ನಿಲ್ದಾಣದಲ್ಲಿ ನಮ್ಮನ್ನು ಸಾಲಾಗಿ ನಿಲ್ಲಿಸುವವರು.

"ಆ ಹುಡ್ಗ ಮಾಡಿದ್ರಲ್ಲಿ ತಪ್ಪೇನೈತೆ? ಯಾರ್ದೂ ಅಲ್ದಿರೋ ಡಬ್ಬ ಮುಟ್ಬಾರ್ದು ಕಣ್ರವ್ವ" ಎನ್ನುತ್ತಿದ್ದರು.

"ಬುಡಿ ಅಪ್ಪಾ, ಕಾರ್ಟೂನು ಅದು!" ಎಂದು ರೂಪಾ ಇನ್ನಷ್ಟು ನಗುತ್ತಿದ್ದಳು.

ಒಮ್ಮೆ ಬಸ್‌ಸ್ಟಾಪಿನಲ್ಲಿ ಇಬ್ಬರು ಹುಡುಗರು ನನ್ನನ್ನು ರೇಗಿಸಿದ್ದನ್ನು ರೂಪಾಳೇ ಊಟದ ಹೊತ್ತಿನಲ್ಲಿ ಬಾಯಿಬಿಟ್ಟಳು. ಮರುದಿನ ನೋಡುತ್ತೇನೆ, ಕಾಲೇಜಿನ ಗೇಟಿನ ಎದುರು ಟೀ ಅಂಗಡಿಯ ಪಕ್ಕ ಅಪ್ಪ! ಮುಖದ ಮುಂದೆ ಪತ್ರಿಕೆ, ಬೆನ್ನು ಸೆಟೆದು ನೆಟ್ಟಗೆ. ಮರೆಯಲ್ಲಿದ್ದೇನೆಂದು ಅವರು ನಂಬಿದ್ದರು. ಐದನೆಯ ದಿನ ಗೆಳತಿಯೊಬ್ಬಳು ಕೂಗಿದಳು: "ದಾರಿ ಬಿಡ್ರೇ, ಸೆಕ್ಯುರಿಟಿ ಜೊತೆ ಮೇಡಮ್ಮೋರು ಬಂದ್ರು!"

ಪರದೆಯ ಮೇಲೆ ಅಷ್ಟು ಇಷ್ಟವಾಗಿದ್ದು ಬೀದಿಯಲ್ಲಿ ನನಗೆ ಸಹಿಸಲಾಗಲಿಲ್ಲ. ಅಂದು ಸಂಜೆ ಹೇಳಿಬಿಟ್ಟೆ: "ಅಪ್ಪಾ, ಇನ್ಮೇಲೆ ನಮ್ಮ ಕಾಲೇಜ್ ಹತ್ರ ಬರ್ಬೇಡಿ."

ಅವರು ಕಾರಣ ಕೇಳಲಿಲ್ಲ. "ಆಯ್ತವ್ವ" ಎಂದರು.

ಸೇನೆಯಲ್ಲಿ ಆದೇಶವೊಂದು ತಾನಾಗಿ ಹಳತಾಗುವುದಿಲ್ಲವಂತೆ. ಕೊಟ್ಟವರೇ ಅದನ್ನು ಹಿಂದಕ್ಕೆ ಪಡೆಯಬೇಕು. ಇದು ನನಗೆ ತಿಳಿದದ್ದು ಮೂರನೆಯ ವರ್ಷ, ಕಾಲೇಜಿನಲ್ಲಿ ನನಗೆ ಪದಕ ಕೊಟ್ಟ ದಿನ. ವೇದಿಕೆಯಿಂದ ನೋಡಿದರೆ ಅಮ್ಮ ಒಬ್ಬರೇ, ಪಕ್ಕದ ಕುರ್ಚಿ ಖಾಲಿ. ಇಳಿದು ಬಂದು, ಅಪ್ಪ ಎಲ್ಲಿ ಎಂದು ಕೇಳಿದೆ.

"ಸರ್ಕಲ್ಲಲ್ಲಿ ನಿಂತವ್ರೆ. ಕರ್ದೆ ಕಣೇ. 'ಮಗಳು ಬರ್ಬೇಡ ಅಂದವ್ಳೆ, ನೀನ್ ಹೋಗು' ಅಂದ್ರು."

ಓಡಿದೆ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಮಿರುಗುವ ಬೂಟು. ಸಮಾರಂಭಕ್ಕೆ ಪೂರ್ತಿ ಸಿದ್ಧರಾಗಿಯೇ ಬಂದಿದ್ದರು. ಪದಕವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದರು. ತಪ್ಪಾಯಿತೆನ್ನಬೇಕಿತ್ತು. ನಮ್ಮ ಮನೆಯಲ್ಲಿ ಅಂಥ ಮಾತುಗಳ ರೂಢಿಯಿಲ್ಲ. "ಕಾಫಿ ಕುಡಿಯೋಣ್ವಾ ಅಪ್ಪಾ?" ಎಂದೆ.

ಈಗ ಎಷ್ಟು ಸಣ್ಣ ಸಮಾರಂಭವಿದ್ದರೂ ಮೊದಲು ಅವರಿಗೇ ಹೇಳುತ್ತೇನೆ. ಕರೆದರೆ ಬರುತ್ತಾರೆ. ಕರೆಯದೆಯೂ ಬರುತ್ತಿದ್ದ ಅಪ್ಪನನ್ನು ನಾನೇ ಕಳಿಸಿಬಿಟ್ಟೆ.