ಭುವನೇಶ್ವರಿ ತಿಂದ ಸೆಲ್

ಜಿಗಣಿಯಲ್ಲಿ ಖಾನಾವಳಿ ನಡೆಸುವ ಭುವನೇಶ್ವರಿ ಸೆಲ್ ನುಂಗಿದ್ದಾರೆ ಎಂಬ ಸುದ್ದಿ ಹಬ್ಬಿದಾಗ, ಯಾವ ಸೆಲ್ ಎಂಬುದರ ಬಗ್ಗೆ ಮಾತ್ರ ಭಿನ್ನಾಭಿಪ್ರಾಯವಿತ್ತು. ಗೋಡೆ ಗಡಿಯಾರದ್ದು ಎನ್ನುವವರಿಗೆ ಖಾನಾವಳಿಯ ಗಡಿಯಾರ ನಿಂತುಹೋಗಿದ್ದೇ ಸಾಕ್ಷಿಯಾಗಿತ್ತು. ತೂಕದ ಯಂತ್ರದ ಗುಂಡಿಯಂಥ ಸೆಲ್ಲನ್ನು ತಲೆನೋವಿನ ಮಾತ್ರೆಯೆಂದು ತಿಳಿದು ನೀರು ಕುಡಿದರಂತೆ ಎಂದು ಇನ್ನು ಕೆಲವರು ಹೇಳಿದರು. ಕಾರ್ಖಾನೆಗಳ ಪಾಳಿ ಬದಲಾಗುವಷ್ಟರಲ್ಲಿ ಅದು ರೊಟ್ಟಿಯ ಹಿಟ್ಟಿಗೂ ಬಿದ್ದಿತ್ತು.

ಈ ಸುದ್ದಿಯಲ್ಲಿ ಒಂದಂಶ ನಿಜ. ಭುವನೇಶ್ವರಿ ಸೆಲ್ ತಿಂದದ್ದು ಹೌದು. ಅಗಿದು, ರುಚಿ ನೋಡಿ, ಇನ್ನೊಂದು ಕೇಳಿದ್ದೂ ಹೌದು. ಆದರೆ ಅದು ಬ್ಯಾಟರಿಯಲ್ಲ, ಸಮುದ್ರದ ಪಾಚಿ.

ಕುಷ್ಟಗಿ ಕಡೆಯ ಹಳ್ಳಿಯಿಂದ ಅಣ್ಣನ ಸಂಸಾರದ ಜೊತೆ ಬಂದ ಭುವನೇಶ್ವರಿ ಮೊದಲು ಸರ್ಜಾಪುರ ರಸ್ತೆಯ ಅಪಾರ್ಟ್‌ಮೆಂಟುಗಳಿಗೆ ಜಲ್ಲಿ ಹೊತ್ತವರು. ಮಧ್ಯಾಹ್ನದ ಬಿಡುವಿನಲ್ಲಿ ತಮಗೆಂದು ಬಡಿದುಕೊಳ್ಳುತ್ತಿದ್ದ ಜೋಳದ ರೊಟ್ಟಿಯನ್ನು ಜೊತೆಯವರು ಕೇಳಿ ತಿನ್ನತೊಡಗಿದ ಮೇಲೆ, ಬುಟ್ಟಿ ಇಳಿಸಿ ಅದನ್ನೇ ಕಸುಬು ಮಾಡಿಕೊಂಡರು. ಜಿಗಣಿಯ ನಂಜಪ್ಪನವರ ವಠಾರದಲ್ಲಿ ರಸ್ತೆಗೆ ಬಾಗಿಲಿರುವ ಒಂದು ಕೋಣೆ ಬಾಡಿಗೆಗೆ ಸಿಕ್ಕಿತು. ಎರಡು ಬೆಂಚು, ಒಂದು ಒಲೆ, ಗೋಡೆಗೆ ಒರಗಿಸಿದ ರೊಟ್ಟಿಯ ಬುಟ್ಟಿ. ಆ ಕೋಣೆ ಕೈತಪ್ಪಿದರೆ ಮತ್ತೆ ಜಲ್ಲಿ ಹೊರುವುದೇ ಗತಿ ಎಂಬ ಅರಿವು ಅವರಿಗೆ ಸದಾ ಇತ್ತು.

ಅದೇ ವಠಾರದ ಹಿಂದೆ, ಹಿಂದೊಮ್ಮೆ ಗ್ರಾನೈಟ್ ಕೊಯ್ಯುತ್ತಿದ್ದ ಶೆಡ್ಡಿನಲ್ಲಿ, ಜೀವವಿಜ್ಞಾನ ಓದಿದ ಶ್ಯಾಮಲಾ ಉಪ್ಪುನೀರಿನ ತೊಟ್ಟಿಗಳನ್ನಿಟ್ಟು ಕಡಲ ದ್ರಾಕ್ಷಿ ಬೆಳೆಯುತ್ತಾರೆ. ವೈಟ್‌ಫೀಲ್ಡಿನ ದುಬಾರಿ ಹೋಟೆಲುಗಳು ಅದನ್ನು ಕೊಳ್ಳುತ್ತವೆ. ಹಸಿರು ದಂಟಿನ ಸುತ್ತ ಜೋಳದ ಕಾಳಿಗಿಂತಲೂ ಸಣ್ಣ ಗುಳ್ಳೆಗಳು ಗೊಂಚಲುಗಟ್ಟಿದ ಪಾಚಿ ಅದು. ನೋಡಿದರೆ ಬೇರಿದೆ, ಬಳ್ಳಿಯಿದೆ, ಹಣ್ಣೂ ಇದೆ ಎನಿಸುತ್ತದೆ. ವಾಸ್ತವದಲ್ಲಿ ಇರುವುದು ಒಂದೇ ಜೀವಕೋಶ. ತೋಳುದ್ದ ಹಬ್ಬಿದರೂ ಒಳಗೆ ಎಲ್ಲಿಯೂ ಅಡ್ಡಗೋಡೆಯಿಲ್ಲ. ಲೆಕ್ಕವಿಲ್ಲದಷ್ಟು ಕೋಶಕೇಂದ್ರಗಳು ಒಂದೇ ರಸದಲ್ಲಿ ಓಡಾಡಿಕೊಂಡಿರುತ್ತವೆ. ಎಲ್ಲಾದರೂ ಹರಿದರೆ ಒಳಗಿನ ರಸವೇ ಗಾಯದ ಬಾಯಿಗೆ ಬಂದು ಗಟ್ಟಿಯಾಗಿ ಮುಚ್ಚಿಕೊಳ್ಳುತ್ತದೆ. ಹರಿದ ತುಂಡು ತಾನೇ ಇನ್ನೊಂದು ಬಳ್ಳಿಯಾಗಲು ಹೊರಡುತ್ತದೆ.

ಅಡುಗೆ ಬಲ್ಲವರ ನಾಲಿಗೆಗೆ ಇದು ಹೇಗೆ ಹಿಡಿಸುವುದೆಂಬ ಕುತೂಹಲದಿಂದ ಶ್ಯಾಮಲಾ ಒಂದು ದಂಟು ತಂದುಕೊಟ್ಟರು. ಭುವನೇಶ್ವರಿ ಹಲ್ಲಿಗೆ ಹಾಕಿದೊಡನೆ ಗುಳ್ಳೆಗಳು ಚಿಟಿಚಿಟಿ ಒಡೆದು ಬಾಯಿತುಂಬ ಉಪ್ಪುನೀರಾಯಿತು. ಅದರ ಹಿಂದೆ ಎಳೆಸೌತೆಯಂಥ ಹಸಿ ರುಚಿ, ಆಮೇಲೆ ಸಮುದ್ರದ ನಸುವಾಸನೆ. ಪೂರ್ತಿ ಒಂದು ಸೆಲ್ ತಿಂದುಬಿಟ್ಟಿರಲ್ಲ ಎಂದು ಶ್ಯಾಮಲಾ ನಕ್ಕರು. ಪಕ್ಕದಲ್ಲಿ ಬಟ್ಟೆ ಒಣಗಹಾಕುತ್ತಿದ್ದ ನಂಜಪ್ಪನವರ ಹೆಂಡತಿ ಚಿಕ್ಕಮುನಿಯಮ್ಮನವರಿಗೆ ಕೇಳಿಸಿದ್ದು ಅಷ್ಟೇ. ಅವರು ಗಾಬರಿಯಿಂದ ಓಡಿಬಂದರು.

"ಸೆಲ್ ತಿಂದ್ಯಂತೆ, ದಿಟವಾ ಅಮ್ಮಿ?"

"ಹೌದ್ರಿ ಅಮ್ಮಾರ. ಭಾಳ ಚಲೋ ಇತ್ರಿ. ಇನ್ನೊಂದ್ ಕೊಡ್ರಿ ಅಂತ ಕೇಳೀನಿ."

ಇಷ್ಟು ಪ್ರಾಮಾಣಿಕವಾದ ಉತ್ತರದಿಂದ ಆದ ಹಾನಿ ಸಾಮಾನ್ಯದ್ದಲ್ಲ. ಪಾಚಿಯ ಮಾತು ಹೇಳಹೊರಟರೆ ಚಿಕ್ಕಮುನಿಯಮ್ಮ ಕೇಳಲೊಲ್ಲರು. ಹೊಟ್ಟೆಗೆ ಹೋದ ಸೆಲ್ಲು ತಲೆಗೇರಿದೆ ಎಂದೇ ಅವರು ತೀರ್ಮಾನಿಸಿದ್ದರು.

"ಎಕ್ಸ್‌ರೇ ತಗ್ಸಿ ತೋರ್ಸು. ಅಲ್ಲೀಗಂಟ ಯಾರ್ಗೂ ಊಟ ಇಕ್ಬೇಡ. ಎಚ್ಚುಕಮ್ಮಿ ಆದ್ರೆ ನಮ್ ಮನೆ ಮೇಲೆ ಬತ್ತದೆ. ಇಲ್ಲಾಂದ್ರೆ ರೂಮ್ ಕಾಲಿ ಮಾಡು."

ಮರುದಿನ ಮಧ್ಯಾಹ್ನ ಬೆಂಚುಗಳು ಬರಿದಾಗಿದ್ದವು. ಯಾದಗಿರಿಯ ಬಸಲಿಂಗ, ಜ್ವರ ಬಂದರೂ ಊಟ ತಪ್ಪಿಸದವನು, ಬೇರೆ ಹೋಟೆಲಿನ ಪೊಟ್ಟಣ ಹಿಡಿದು ತಲೆತಗ್ಗಿಸಿ ದಾಟಿಹೋದ. ಇಲ್ಲದ ಸೆಲ್ಲಿಗೆ ಎಕ್ಸ್‌ರೇ ತೆಗೆಸುವುದು ಭುವನೇಶ್ವರಿಗೆ ಒಪ್ಪಿಗೆಯಾಗಲಿಲ್ಲ. ಅವರು ಶ್ಯಾಮಲಾರನ್ನು ಕರೆತಂದು ಅಂಗಳದಲ್ಲಿ ನಿಲ್ಲಿಸಿ, ಬಸಲಿಂಗನನ್ನೂ ಅವನ ಕೋಣೆಯವರನ್ನೂ ಕೂಗಿ ಕರೆದರು.

ಶ್ಯಾಮಲಾ ತಾಳ್ಮೆಯಿಂದಲೇ ವಿವರಿಸಿದರು. ಇಂಗ್ಲಿಷಿನಲ್ಲಿ ಜೀವಕೋಶಕ್ಕೂ ಸೆಲ್ ಎಂದೇ ಹೆಸರು. ಇದೊಂದು ಏಕಕೋಶ ಜೀವಿ. ಆ ಪದ ಬರಬಾರದಿತ್ತು. ಪಿಯುಸಿಯ ತನಕ ವಿಜ್ಞಾನ ಓದಿದ್ದ ಬಸಲಿಂಗನ ಮುಖ ಗಂಭೀರವಾಯಿತು.

"ಏಕಕೋಶ ಜೀವಿ ಅಂದ್ರ ಅಮೀಬಾ ಮೇಡಂ. ಅಮೀಬಾ ಅಂದ್ರ ಆಮಶಂಕಿ. ಅದಕ್ಕಿಂತ ಬ್ಯಾಟರಿನ ಪಾಡಿತ್ತು."

ಜನ ಒಂದು ಹೆಜ್ಜೆ ಹಿಂದೆ ಸರಿದರು. ಶ್ಯಾಮಲಾ ಅಮೀಬಾದ ವಿಷಯಕ್ಕೆ ಹೊರಳುವಷ್ಟರಲ್ಲಿ ಭುವನೇಶ್ವರಿ ಒಳಗೆ ಹೋಗಿ ಬೇಯಿಸಿದ ಮೊಟ್ಟೆಯೊಂದನ್ನು ತಂದು, ದಾರದಿಂದ ಕೊಯ್ದು, ಹಳದಿ ಕಾಣುವಂತೆ ಹಿಡಿದರು. ಅದರ ಸಂಗತಿಯನ್ನು ಹಿಂದಿನ ದಿನವಷ್ಟೇ ಶ್ಯಾಮಲಾ ಅವರಿಗೆ ಹೇಳಿದ್ದರು.

"ಈ ಹಳದಿ ಐತಲ್ಲ, ಇದೂ ಒಂದ ಸೆಲ್ ಅಂತ. ದಿನಾ ಎರಡು ನುಂಗ್ತಿ ಬಸಲಿಂಗ. ಯಾರರ ನಿನಗ ಎಕ್ಸ್‌ರೇ ತಗಸು ಅಂದಾರೇನು?"

ಬಸಲಿಂಗ ಶ್ಯಾಮಲಾರ ಮುಖ ನೋಡಿದ. ಹೌದು, ಮರಿಯಾಗದ ಮೊಟ್ಟೆಯ ಹಳದಿ ಒಂದೇ ಕೋಶ ಎಂದು ಅವರು ತಲೆಯಾಡಿಸಿದರು. ಭುವನೇಶ್ವರಿ ಅಷ್ಟಕ್ಕೆ ಬಿಡದೆ ಕಡಲ ದ್ರಾಕ್ಷಿಯ ದಂಟು ಎತ್ತಿ ತೋರಿಸಿದರು.

"ಅಮೀಬಾ ಅಲ್ಲೋ ಇದು. ಒಳಗ ಗೋಡಿನ ಇಲ್ಲ, ಮಂದಿ ಮಾತ್ರ ಗಿಚ್ಚ ತುಂಬ್ಯಾರ. ಥೇಟ್ ನಿಮ್ಮ ಖೋಲಿ."

"ನಮ್ಮ ಖೋಲಿ ಬಾಯಾಗ ಇಟ್ಟ ನೋಡಕ್ಕಾ, ಆಮ್ಯಾಲೆ ರುಚಿ ಹೇಳು" ಎಂದ ಅವನು. ಜೊತೆಯವರು ನಕ್ಕರು. ನಗುವಿನ ನಡುವೆ ಚಿಕ್ಕಮುನಿಯಮ್ಮ ಮಾತ್ರ ಮೊಟ್ಟೆಯನ್ನೂ ದಂಟನ್ನೂ ಹೋಲಿಸಿ ನೋಡುತ್ತಿದ್ದರು. ಹಾಗಾದರೆ ತಾವೂ ಒಂದು ತಿಂದೇ ತೀರುವುದಾಗಿ ಹೇಳಿ ಬೆಂಚಿನ ಮೇಲೆ ಕುಳಿತರು.

ಕೊಡಬೇಕಾದುದನ್ನು ಹದಮಾಡಿ ಕೊಡುವ ಹಟದಿಂದ ಭುವನೇಶ್ವರಿ ಅದಕ್ಕೆ ಬೆಳ್ಳುಳ್ಳಿಯ ಒಗ್ಗರಣೆ ಹುಯ್ದರು. ಬಿಸಿ ಎಣ್ಣೆ ತಾಗಿದ್ದೇ ಗುಳ್ಳೆಗಳೆಲ್ಲ ಕುಸಿದು, ತಟ್ಟೆಯಲ್ಲಿ ಹಸಿರು ನೂಲೊಂದು ನೀರಿನಲ್ಲಿ ಮಲಗಿತು. ಇನ್ನೊಂದು ದಂಟು ತೆಗೆದುಕೊಂಡು ಅದಕ್ಕೆ ಉಪ್ಪು ಉದುರಿಸಲು ಕೈಯೆತ್ತಿದಾಗ ಶ್ಯಾಮಲಾ ತಡೆದರು. ಉಪ್ಪು ಒಳಗಿನ ನೀರನ್ನೆಲ್ಲ ಎಳೆದುಬಿಡುತ್ತದೆ ಎಂದರು. ಭುವನೇಶ್ವರಿ ಒಂದು ಗಳಿಗೆ ಯೋಚಿಸಿ, ಮೆಂತ್ಯದ ಸೊಪ್ಪು, ಹಸಿ ಉಳ್ಳಾಗಡ್ಡಿ, ಗುರೆಳ್ಳು ಪುಡಿ ಕಲಸಿ, ಉಪ್ಪು ಹಾಕದೆ, ಕಡಲ ದ್ರಾಕ್ಷಿಯನ್ನು ಎಲ್ಲಕ್ಕಿಂತ ಕೊನೆಗೆ ಮೇಲಿಟ್ಟು ರೊಟ್ಟಿಯೊಂದಿಗೆ ಕೊಟ್ಟರು.

ಚಿಕ್ಕಮುನಿಯಮ್ಮ ಕಣ್ಣು ಮುಚ್ಚಿ ಅಗಿದರು. ಒಳಗೆ ಏನೋ ಪಟಪಟ ಒಡೆದ ಸದ್ದು ಪಕ್ಕದವರಿಗೂ ಕೇಳಿಸಿತು. ಕಣ್ಣು ತೆರೆದು, ನಿಂಬೆಹಣ್ಣು ಇದೆಯೇ ಎಂದು ಕೇಳಿದರು. ಹಿಂಡಿಕೊಂಡು, ಇನ್ನೊಂದು ತುತ್ತು ತಿಂದು, ಬೆರಳು ಚೀಪಿದ ಮೇಲೆ ತೀರ್ಪು ಬಂತು.

"ಎಕ್ಸ್‌ರೇ ಬ್ಯಾಡ ಬುಡು. ಊಟ ಇಕ್ಕು, ಉಡುಗ್ರು ಅಸ್ಕೊಂಡವ್ರೆ."

ಖಾನಾವಳಿ ಈಗಲೂ ಅದೇ ಕೋಣೆಯಲ್ಲಿದೆ. ಹೋಟೆಲಿಗೆ ಕಳುಹಿಸಲಾಗದ ಗಿಡ್ಡ ದಂಟುಗಳನ್ನು ಶ್ಯಾಮಲಾ ಗುರುವಾರ ತಂದುಕೊಡುತ್ತಾರೆ. ಅಂದು ರೊಟ್ಟಿಯ ಜೊತೆ ಸೆಲ್ ಪಚಡಿ ಇರುತ್ತದೆ. ಚಿಕ್ಕಮುನಿಯಮ್ಮ ಅದನ್ನು ಮುದ್ದೆಗೂ ನಂಜಿಕೊಳ್ಳುತ್ತಾರೆ. ಬಸಲಿಂಗ ಇನ್ನೂ ಮುಟ್ಟಿಲ್ಲ, ಮೊಟ್ಟೆಯನ್ನು ಬಿಟ್ಟೂ ಇಲ್ಲ. ಭುವನೇಶ್ವರಿ ಇತ್ತೀಚೆಗೆ ಮೂರನೆಯ ಬೆಂಚು ಹಾಕಿಸಿದ್ದಾರೆ.