ಎಗ್‌ಲೆಸ್ ಶ್ಯಾಮಲಾ

ಎರಡು ವರ್ಷದ ಹಿಂದೆ ಕಾಡುಗೋಡಿಯ ಹಳೇ ಊರಿನಲ್ಲಿ ಶ್ಯಾಮಲಾ ಎಂದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಓನರ್ ಭದ್ರಮ್ಮನ ಸೊಸೆ ಎನ್ನಬೇಕಿತ್ತು. ಭದ್ರಮ್ಮನ ಮನೆಯವರು ಹಿಂದೆ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ನಾಲ್ಕಂತಸ್ತಿನ ಕಟ್ಟಡ ನಿಂತಿದೆ. ಕೆಳಗೆ ಮನೆಯವರು, ಮೇಲೆ ಹನ್ನೊಂದು ಬಾಡಿಗೆ ಮನೆ. ಮೋಟಾರು ಹಾಕುವುದು, ಟ್ಯಾಂಕು ತುಂಬಿ ಹರಿಯುವ ಮುಂಚೆ ಆಫ್ ಮಾಡುವುದು, ಮೆಟ್ಟಿಲ ಮೇಲೆ ಚಪ್ಪಲಿ ಬಿಟ್ಟವರಿಗೆ ನಯವಾಗಿ ಹೇಳುವುದು, ಇಷ್ಟೇ ಸೊಸೆಯ ಉದ್ಯೋಗ. ಆನೇಕಲ್ಲಿನಿಂದ ಮದುವೆಯಾಗಿ ಬಂದವಳು ಹದಿನಾಲ್ಕು ವರ್ಷ ಇದನ್ನೇ ಮಾಡಿದಳು.

ಆಮೇಲೆ ಒಂದು ದಿನ, ವೈಟ್‌ಫೀಲ್ಡಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಶನಿವಾರ ಶನಿವಾರ ಕೇಕು ಕಲಿಸುತ್ತಾರೆಂದು ಯಾರೋ ಹೇಳಿದರು. ಗಂಡ ಮುನಿಕೃಷ್ಣ ಬೈಕಿನಲ್ಲಿ ಕರೆದೊಯ್ದು ಗೇಟಿನ ಹತ್ತಿರ ಬಿಟ್ಟ. ಒಳಗೆ ಎಲ್ಲ ಇಂಗ್ಲಿಷು. ಟೀಚರು ಮಾತಿನ ನಡುವೆ ‘ಫೋಲ್ಡ್’ ಮಾಡಲು ಹೇಳಿದಾಗ ಉಳಿದವರು ಹಿಟ್ಟನ್ನು ಸೌಟಿನಿಂದ ಮೆಲ್ಲಗೆ ಮಗುಚಿದರು. ಶ್ಯಾಮಲಾ ಮಡಿಸಬೇಕೆಂದುಕೊಂಡು ಮುಂದಿದ್ದ ಬಟರ್ ಪೇಪರನ್ನು ನಾಲ್ಕು ಮಡಿಕೆ ಮಾಡಿ ಇಟ್ಟಳು. ಪಕ್ಕದವಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಕಿವಿಯವರೆಗೂ ಬಿಸಿಯೇರಿತು. ಇನ್ನು ಈ ಕಡೆ ತಲೆ ಹಾಕುವುದಿಲ್ಲ ಎಂದುಕೊಂಡೇ ಮನೆಗೆ ಬಂದಳು. ಆದರೆ ಮುಂದಿನ ಶನಿವಾರ ಮುನಿಕೃಷ್ಣ ಬೈಕು ತೆಗೆಯುವ ಮೊದಲೇ ಸೀರೆ ಉಟ್ಟು ನಿಂತಿದ್ದಳು.

ಕಲಿತಳು. ಒಂದು ಸಣ್ಣ ಓವನ್ ಬಂತು. ಸುತ್ತಲಿನ ಅಪಾರ್ಟ್‌ಮೆಂಟುಗಳಿಂದ ಕೇಕು ಕೇಳುವವರಲ್ಲಿ ಮೊಟ್ಟೆ ಮುಟ್ಟದವರೇ ಹೆಚ್ಚು. ಅವರಿಗಾಗಿ ಮೊಸರು, ಸೋಡಾ ಪುಡಿ ಹಾಕಿ ಮಾಡುವುದನ್ನು ಕೈವಶ ಮಾಡಿಕೊಂಡಳು. ಅವಳ ಮನೆಯಲ್ಲಿ ಭಾನುವಾರ ಕೋಳಿಸಾರು ತಪ್ಪಿದ್ದಲ್ಲ. ಅದಕ್ಕೇ ಕೇಕಿನ ಪಾತ್ರೆ, ಸೌಟು, ಜರಡಿ ಎಲ್ಲವನ್ನೂ ಬೇರೆ ತಂದು ಬೇರೆ ಶೆಲ್ಫಿನಲ್ಲಿಟ್ಟಳು. ಡಬ್ಬದ ಮೇಲೆ ಅಂಟಿಸಲು ‘ಶ್ಯಾಮಲಾ ಎಗ್‌ಲೆಸ್ ಕೇಕ್ಸ್’ ಎಂದು ಚೀಟಿ ಅಚ್ಚು ಹಾಕಿಸಿದಳು. ವರ್ಷ ತುಂಬುವುದರೊಳಗೆ ಊರಿಗೆಲ್ಲ ಅವಳು ಎಗ್‌ಲೆಸ್ ಶ್ಯಾಮಲಾ ಆದಳು. ಹಾಗೆ ಕರೆದಾಗಲೆಲ್ಲ ಅವಳಿಗೆ ಒಳಗೊಳಗೇ ಹಿಗ್ಗು.

ಎರಡನೇ ಮಹಡಿಯಲ್ಲಿ ಸಿಂದಗಿ ಕಡೆಯ ರೇವಣಸಿದ್ದ ಮತ್ತು ಸವಿತಾ ಇದ್ದರು. ಗಂಡ ಕಟ್ಟಡ ಕೆಲಸದ ಮೇಸ್ತ್ರಿ, ಹೆಂಡತಿ ಬಟ್ಟೆ ಕಾರ್ಖಾನೆಗೆ ಹೋಗುವವಳು. ಅವರ ಮಗುವನ್ನು ನೋಡಿಕೊಳ್ಳಲು ರೇವಣಸಿದ್ದನ ತಾಯಿ ಲಕ್ಷ್ಮವ್ವ ಊರಿನಿಂದ ಬಂದಿದ್ದಳು. ಅರವತ್ತರ ಹೆಂಗಸು, ನೆಟ್ಟಗಿನ ನಿಲುವು, ಎದೆಯ ಮೇಲೆ ಬೆಳ್ಳಿ ಕರಡಿಗೆಯಲ್ಲಿ ಲಿಂಗ. ಸ್ನಾನ, ಪೂಜೆ ಮುಗಿಯದೆ ಹನಿ ನೀರು ಮುಟ್ಟಳು. ಬೇಕರಿಯ ಬ್ರೆಡ್ಡನ್ನೂ ಮನೆಯೊಳಗೆ ಬಿಟ್ಟುಕೊಳ್ಳಳು. ‘ಅದರಾಗ ಏನ್ ಹಾಕಿರ್ತಾರೊ ಏನೊ’ ಎಂಬುದು ಅವಳ ಮಾತು.

ಮಗುವಿಗೆ ವರ್ಷ ತುಂಬುವ ಶನಿವಾರಕ್ಕೆ ಸವಿತಾ ಕೇಕು ಹೇಳಿದಳು. ‘ಅಕ್ಕಾ, ನಮ್ಮತ್ತಿ ಜೀವನದಾಗ ಕೇಕ್ ತಿಂದಿಲ್ಲ. ನೀವು ಪಾತ್ರಿನೂ ಬ್ಯಾರೆ ಇಟ್ಟೀರಿ ಅಂತ ಕೇಳಿ, ನಿಮ್ಮ ಕೈಯಾಗಿನ್ದು ಅಂದ್ರ ತಿಂತೀನಿ ಅಂದಾರ’ ಎಂದಳು.

ಆ ದಿನ ಮಧ್ಯಾಹ್ನ ಕೇಕು ಓವನ್ನಿನಲ್ಲಿದ್ದಾಗಲೇ ಕರೆಂಟು ಹೋಯಿತು. ಉಬ್ಬುತ್ತಿದ್ದ ಹಿಟ್ಟು ನಡುವೆ ಗುಳಿಬಿದ್ದು ಕೂತಿತು. ಒಂದೂವರೆ ಗಂಟೆ ಕಳೆದ ಮೇಲೆ ಕರೆಂಟು ಬಂದಾಗ ಎರಡನೆಯದನ್ನು ಇಟ್ಟಳು. ಸೋಡಾ ಪುಡಿ ಹಳತಾಗಿತ್ತೋ, ಅವಸರದಲ್ಲಿ ಮೊಸರು ಹೆಚ್ಚಾಯಿತೋ, ಅದು ಒಳಗೆ ಹಲ್ವದ ಹಾಗೆ ಅಂಟಂಟಾಗಿ ಬಂತು. ಗಡಿಯಾರದಲ್ಲಿ ನಾಲ್ಕೂವರೆ. ಆರು ಗಂಟೆಗೆ ಕೇಕು ಕತ್ತರಿಸಬೇಕು. ಅತ್ತೆ ಮಲಗಿದ್ದರು, ಗಂಡ ಮನೆಯಲ್ಲಿರಲಿಲ್ಲ. ಶ್ಯಾಮಲಾ ಫ್ರಿಜ್ಜಿನ ಬಾಗಿಲು ತೆಗೆದು ಬೆಣ್ಣೆ ನೋಡಿದಳು, ಅದರ ಮೇಲಿನ ಸಾಲಿನಲ್ಲಿದ್ದ ಮೊಟ್ಟೆ ನೋಡಿದಳು. ಎರಡು ತೆಗೆದುಕೊಂಡಳು. ಒಡೆಯುವಾಗ ಕೈ ನಡುಗಲಿಲ್ಲ. ಮುಂದೆ ಅವಳನ್ನು ಹೆಚ್ಚು ಕಾಡಿದ್ದು ಇದೇ: ಕೈ ನಡುಗಲಿಲ್ಲ.

ಕೇಕು ಹತ್ತಿಯಂತೆ ಉಬ್ಬಿತು. ಮೇಲೆ ಕ್ರೀಮು ಬಳಿದು, ಹೂ ಬಿಡಿಸಿ, ಡಬ್ಬದಲ್ಲಿಟ್ಟು, ಎಂದಿನ ಅದೇ ಚೀಟಿ ಅಂಟಿಸಿದಳು.

ಮೇಲೆ ಹತ್ತಿಪ್ಪತ್ತು ಜನ ಸೇರಿದ್ದರು. ಬಲೂನು, ಮಂಡಕ್ಕಿ, ಮಿರ್ಚಿ. ಸವಿತಾ ಮಗುವಿನ ಕೈ ಹಿಡಿದು ಕೇಕು ಕತ್ತರಿಸಿ ಮೊದಲ ತುಂಡನ್ನು ಅತ್ತೆಗೆ ಕೊಟ್ಟಳು. ಲಕ್ಷ್ಮವ್ವ ಅದನ್ನು ಕೈಯಲ್ಲಿ ಹಿಡಿದು ಶ್ಯಾಮಲಾಳ ಕಡೆ ತಿರುಗಿದಳು.

‘ತಂಗಿ, ಇದರಾಗ ತತ್ತಿ ಹಾಕಿಲ್ಲ ಹೌದಿಲ್ಲೊ?’

ಮೊಟ್ಟೆಗೆ ಆ ಕಡೆಯವರು ತತ್ತಿ ಎನ್ನುತ್ತಾರೆಂದು ಶ್ಯಾಮಲಾಳಿಗೆ ಗೊತ್ತಿತ್ತು. ಗೊತ್ತಾಗಲಿಲ್ಲ ಎಂಬಂತೆ ಒಂದು ಕ್ಷಣ ನಿಂತಳು. ಹೇಳಲು ಅಷ್ಟು ಹೊತ್ತು ಸಾಕಿತ್ತು. ಎಲ್ಲರೂ ಅವಳನ್ನೇ ನೋಡುತ್ತಿದ್ದರು.

‘ಇಲ್ಲಮ್ಮ. ನಾನು ಹಾಕೋದೇ ಇಲ್ಲ’ ಎಂದಳು.

ಲಕ್ಷ್ಮವ್ವ ತಿಂದಳು. ‘ಎಷ್ಟ್ ಮೆತ್ತಗದ ನೋಡವಾ!’ ಎಂದು ಮಗುವಿನಂತೆ ನಕ್ಕು ಇನ್ನೊಂದು ತುಂಡು ಕೇಳಿದಳು. ಮರುದಿನ ಬೆಳಿಗ್ಗೆ ಶೇಂಗಾ ಹೋಳಿಗೆ ತುಂಬಿದ ಡಬ್ಬಿಯೊಂದಿಗೆ ಕೆಳಗಿಳಿದು ಬಂದು, ಉಳಿದಿದ್ದ ಕೇಕನ್ನೂ ತಾನೇ ಮುಗಿಸಿದೆನೆಂದು ಹೇಳಿಹೋದಳು. ಶ್ಯಾಮಲಾ ಆ ಹೋಳಿಗೆ ತಿನ್ನಲಾರದೆ ಅತ್ತೆಯ ಮುಂದಿಟ್ಟಳು. ಭದ್ರಮ್ಮ ಎರಡು ತಿಂದು, ‘ಏನ್ ಸಂದಾಗ್ ಮಾಡವ್ಳೆ. ನೀನ್ಯಾಕೆ ತಿನ್ನಲ್ಲ? ಒಟ್ಟೆ ಸರಿ ಇಲ್ವಾ?’ ಎಂದು ಕೇಳಿದರು. ಹೊಟ್ಟೆ ಸರಿ ಇಲ್ಲ ಎಂದಳು. ಒಂದು ಸುಳ್ಳಿನ ಹಿಂದೆ ಇನ್ನೊಂದು ಎಷ್ಟು ಸಲೀಸಾಗಿ ಬಂತು ಎಂದು ತನಗೇ ಹೇಸಿಗೆಯಾಯಿತು.

ಅಂದಿನಿಂದ ಎರಡನೇ ಮಹಡಿಯ ಮೆಟ್ಟಿಲಲ್ಲಿ ಹೆಜ್ಜೆ ಸದ್ದಾದರೆ ಶ್ಯಾಮಲಾ ಅಡುಗೆಮನೆ ಸೇರುತ್ತಿದ್ದಳು. ಮೊಟ್ಟೆಯನ್ನೇನೋ ಮತ್ತೆ ಹಾಕಲಿಲ್ಲ. ಆದರೆ ಆ ಕೇಕು ತಿಂದವರು ‘ಅವತ್ತಿನಷ್ಟೇ ಮೆತ್ತಗಿರೋದು ಬೇಕು’ ಎಂದು ಫೋನು ಮಾಡುತ್ತಿದ್ದರು. ಆ ಮಾತು ಕೇಳಿದಾಗಲೆಲ್ಲ ಯಾರೋ ಹಿಂದಿನಿಂದ ಹೆಗಲು ಮುಟ್ಟಿದ ಹಾಗೆ ಬೆಚ್ಚುತ್ತಿದ್ದಳು.

ಕಟ್ಟಡದ ಹೆಂಗಸರಿಗೆ ತಿಂಗಳಿಗೊಂದು ಭಾನುವಾರ ಬುತ್ತಿ ಕಟ್ಟಿಕೊಂಡು ಹೊರಗೆ ಹೋಗುವ ರೂಢಿ ಇತ್ತು. ಅದನ್ನು ಶುರು ಮಾಡಿದ್ದೂ ಶ್ಯಾಮಲಾಳೇ. ಮನೆಗೊಂದು ತಿಂಡಿ, ಮುನಿಕೃಷ್ಣನ ಗೆಳೆಯನ ಟೆಂಪೊ. ಅಕ್ಟೋಬರಿನ ಒಂದು ಭಾನುವಾರ ಆನೇಕಲ್ ಹತ್ತಿರದ ಮುತ್ಯಾಲಮಡುವಿಗೆ ಹೊರಟರು. ಮಳೆ ಚೆನ್ನಾಗಿ ಬಿದ್ದು ಜಲಪಾತದಲ್ಲಿ ನೀರಿತ್ತು. ಮರದ ನೆರಳಲ್ಲಿ ಜಮಖಾನ ಹಾಸಿ ಡಬ್ಬಗಳನ್ನು ಬಿಚ್ಚಿದರು. ಸವಿತಾ ಮಂಡಕ್ಕಿಯ ಸೂಸಲ ಮಾಡಿ ತಂದಿದ್ದಳು. ಮೊದಲ ಮಹಡಿಗೆ ಹೊಸದಾಗಿ ಬಂದಿದ್ದ ಬಸಮ್ಮ ಹೆಸರುಬೇಳೆ ಕೋಸಂಬರಿ ತಂದಿದ್ದಳು. ಯಾರೋ ಉಪ್ಪು ಬಿಸ್ಕತ್ತಿನ ಮೇಲೆ ಈರುಳ್ಳಿ, ಟೊಮ್ಯಾಟೊ, ಖಾರಸೇವೆ ಜೋಡಿಸಿ ತಟ್ಟೆ ತುಂಬ ಇಟ್ಟರು. ಅದು ಐದು ನಿಮಿಷ ಉಳಿಯಲಿಲ್ಲ. ಶ್ಯಾಮಲಾ ಬಾಳೆಹಣ್ಣಿನ ಕೇಕು ತಂದಿದ್ದಳು. ಮೊಟ್ಟೆ ಇಲ್ಲದ, ನಿಜವಾಗಿಯೂ ಇಲ್ಲದ ಕೇಕು.

ಲಕ್ಷ್ಮವ್ವ ಬೇರೆಯವರದ್ದು ಯಾವುದನ್ನೂ ಮುಟ್ಟದೆ, ತನ್ನ ಬಟ್ಟೆಗಂಟಿನಿಂದ ಜೋಳದ ರೊಟ್ಟಿ ತೆಗೆದು ತಿನ್ನುತ್ತಿದ್ದಳು. ಕೇಕಿನ ತಟ್ಟೆ ಬಂದಾಗ ಮಾತ್ರ ಕೈ ಚಾಚಿದಳು. ಪಕ್ಕದಲ್ಲಿದ್ದ ಬಸಮ್ಮ ಅನುಮಾನಿಸಿದಳು. ಅವಳೂ ಮೊಟ್ಟೆ ತಿನ್ನದವಳು.

‘ತಗೋ ತಂಗಿ, ಅಂಜಬ್ಯಾಡ’ ಎಂದಳು ಲಕ್ಷ್ಮವ್ವ. ‘ನಾ ಬಾಯ್ಬಿಟ್ಟು ಕೇಳೀನಿ ಆಕಿನ್ನ. ಶ್ಯಾಮಲಾ ಸುಳ್ ಹೇಳೂ ಪೈಕಿ ಅಲ್ಲ.’

ಬಸಮ್ಮ ನೆಮ್ಮದಿಯಿಂದ ತಿಂದಳು. ಶ್ಯಾಮಲಾ ನೀರಿನ ಬಾಟಲಿ ಹುಡುಕುವ ನೆಪದಲ್ಲಿ ಎದ್ದು ಟೆಂಪೊ ಹಿಂದೆ ಹೋಗಿ ನಿಂತಳು. ಮುಖಕ್ಕೆ ನೀರು ಚಿಮುಕಿಸಿಕೊಂಡರೂ ಬಿಸಿ ಇಳಿಯಲಿಲ್ಲ. ಬೈದಿದ್ದರೆ, ಅನುಮಾನಪಟ್ಟಿದ್ದರೆ ತಡೆದುಕೊಳ್ಳಬಹುದಿತ್ತು.

ಊಟವಾದ ಮೇಲೆ ಎಲ್ಲರೂ ಜಲಪಾತಕ್ಕೆ ಮೆಟ್ಟಿಲಿಳಿದರು. ಲಕ್ಷ್ಮವ್ವನಿಗೆ ಮಂಡಿನೋವು. ತಾನೂ ಮೇಲೆಯೇ ಇರುತ್ತೇನೆಂದು ಶ್ಯಾಮಲಾ ಉಳಿದಳು. ಇಬ್ಬರೂ ಕಲ್ಲುಬೆಂಚಿನ ಮೇಲೆ ಕೂತರು. ಕೆಳಗಿನಿಂದ ನೀರಿನ ಸದ್ದು, ಹೆಂಗಸರ ನಗು ಕೇಳಿ ಬರುತ್ತಿತ್ತು.

‘ಅಮ್ಮ, ಮಗು ಹುಟ್ಟಿದ ಹಬ್ಬದ ದಿನ...’ ಎಂದು ಶುರು ಮಾಡಿದಳು. ‘ಅವತ್ತಿನ ಕೇಕಿಗೆ ಮೊಟ್ಟೆ ಹಾಕಿದ್ದೆ ಅಮ್ಮ. ಎರಡು ಸಲ ಕೆಟ್ಟೋಯ್ತು, ಟೈಮಿರ್ಲಿಲ್ಲ. ನೀವು ಕೇಳ್ದಾಗ ಸುಳ್ಳು ಹೇಳ್ಬಿಟ್ಟೆ.’

ಲಕ್ಷ್ಮವ್ವನ ಕೈ ತಾನಾಗಿ ಎದೆಯ ಕರಡಿಗೆಗೆ ಹೋಯಿತು. ಆಮೇಲೆ ಎದ್ದು, ಮಂಡಿ ಹಿಡಿದುಕೊಂಡು ನಲ್ಲಿಯವರೆಗೆ ನಡೆದು, ಬಾಯಿ ಮುಕ್ಕಳಿಸಿದಳು. ಒಂದು ಸಲ, ಎರಡು ಸಲ, ಮೂರು ಸಲ. ಎರಡು ತಿಂಗಳ ಹಿಂದೆ ತಿಂದದ್ದನ್ನು ಈಗ ಮುಕ್ಕಳಿಸುತ್ತಿದ್ದ ಆ ಮುದುಕಿಯನ್ನು ನೋಡಲಾರದೆ ಶ್ಯಾಮಲಾ ನೆಲ ನೋಡಿದಳು.

‘ಇವತ್ತಿಂದು?’ ವಾಪಸು ಬಂದು ಲಕ್ಷ್ಮವ್ವ ಕೇಳಿದಳು.

‘ಇವತ್ತಿಂದ್ರಲ್ಲಿ ಇಲ್ಲಮ್ಮ. ದೇವ್ರಾಣೆ.’

‘ಆಣಿ ಗೀಣಿ ಬ್ಯಾಡ.’

ಶ್ಯಾಮಲಾ ಅಳತೊಡಗಿದಳು. ‘ಬೈರಿ ಅಮ್ಮ. ಎಲ್ರ ಮುಂದೆ ಬೇಕಾದ್ರೂ ಬೈರಿ. ನಾನೇ ಸವಿತಾಗೂ ಹೇಳ್ತೀನಿ.’

‘ಸವಿತಾಗ ಹೇಳಬ್ಯಾಡ’ ಲಕ್ಷ್ಮವ್ವ ಗಡುಸಾಗಿ ಹೇಳಿದಳು. ‘ಆಕಿ ಜಗಳಾ ತಗದು ಮನಿ ಬಿಡೂಣು ಅಂತಾಳ. ಇಲ್ಲಿ ಆಕಿ ಕೆಲಸಕ್ಕ ಹತ್ತರ ಅದ, ಕೂಸಿಗೆ ಹೊಂದ್ಯದ.’ ಶ್ಯಾಮಲಾಳ ಮುಖ ನೋಡದೆ ಅಂದಳು: ‘ನೀ ನನಗ ಹೇಳಿ ಹಗುರಾದಿ. ನಾ ಯಾರಿಗೆ ಹೇಳ್ಲಿ?’

ಶ್ಯಾಮಲಾಳ ಅಳು ಅಲ್ಲಿಗೇ ನಿಂತಿತು. ಅಷ್ಟು ದಿನ ಕಾಡಿದ ನಾಚಿಕೆಯನ್ನು ಇಳಿಸಿಬಿಟ್ಟೆನೆಂದುಕೊಂಡಿದ್ದಳು. ಇಳಿಸಿದ್ದು ಎಲ್ಲಿಗೆ ಎಂದು ಯೋಚಿಸಿರಲಿಲ್ಲ. ಕ್ಷಮೆ ಕೇಳುವಾಗಲೂ ತನ್ನದೇ ಸುಖ ನೋಡಿಕೊಂಡಿದ್ದಳು.

ಮರಳುವ ದಾರಿಯಲ್ಲಿ ಚಂದಾಪುರದಲ್ಲಿ ಟೆಂಪೊ ನಿಲ್ಲಿಸಿ ಎಲ್ಲರೂ ಐಸ್‌ಕ್ರೀಮು ತಿಂದರು. ಲಕ್ಷ್ಮವ್ವ ಇಳಿಯಲಿಲ್ಲ. ಸವಿತಾ ಕೇಳಿದ್ದಕ್ಕೆ ತಲೆನೋವು ಎಂದಳು. ಸುಳ್ಳಾಡಿ ರೂಢಿಯಿಲ್ಲದವಳ ಆ ತಡವರಿಕೆಯನ್ನು ಕೇಳಿಸಿಕೊಂಡವಳು ಶ್ಯಾಮಲಾ ಒಬ್ಬಳೇ.

ಮರುದಿನದಿಂದ ಲಕ್ಷ್ಮವ್ವ ಐದು ದಿನ ಒಪ್ಪತ್ತು ಮಾಡಿದಳು. ಸೊಸೆಗೆ ಏನೋ ಹರಕೆ ಎಂದಳಂತೆ. ಮೆಟ್ಟಿಲಲ್ಲಿ ಎದುರಾದರೆ ‘ಊಟ ಆತೇನ್’ ಎಂದು ಕೇಳುವುದನ್ನು ಬಿಡಲಿಲ್ಲ. ಆದರೆ ಓನರ್ ಮನೆಯ ಹೊಸ್ತಿಲು ತುಳಿಯಲಿಲ್ಲ, ಅವರ ಮನೆಯ ನೀರು ಕುಡಿಯಲಿಲ್ಲ.

ಶ್ಯಾಮಲಾ ಉಳಿದಿದ್ದ ಚೀಟಿಗಳನ್ನೆಲ್ಲ ಹರಿದಳು. ಗ್ರಾಹಕರ ವಾಟ್ಸ್ಆ್ಯಪ್ ಗುಂಪಿಗೆ ಒಂದು ಸಂದೇಶ ಬರೆದಳು: ನಮ್ಮದು ಮೊಟ್ಟೆ, ಕೋಳಿ ತಿನ್ನುವ ಮನೆ. ಇದೇ ಓವನ್ನಿನಲ್ಲಿ ಮೊಟ್ಟೆ ಹಾಕಿದ ಕೇಕೂ ಬೆಂದಿದೆ. ಕಟ್ಟುನಿಟ್ಟಾಗಿ ಪಾಲಿಸುವವರು ದಯವಿಟ್ಟು ಬೇರೆ ಕಡೆ ನೋಡಿಕೊಳ್ಳಿ. ಮೂರು ಸಲ ಬರೆದು, ಮೂರು ಸಲ ಅಳಿಸಿ, ಕೊನೆಗೆ ಕಳಿಸಿದಳು. ಇದು ಅರ್ಧ ನಿಜ ಎಂದು ಅವಳಿಗೆ ಗೊತ್ತಿತ್ತು. ಉಳಿದರ್ಧ ಹೇಳಿದರೆ ಲಕ್ಷ್ಮವ್ವನ ಗುಟ್ಟೂ ಬಯಲಾಗುತ್ತಿತ್ತು.

ಆರ್ಡರು ಇಳಿದುಹೋಯಿತು. ‘ಕೈಯಾರೆ ಹಾಳ್ಮಾಡ್ಕೊಂಡ್ಯಲ್ಲ, ಯಾರ್ ಕೇಳಿದ್ರು ನಿನ್ನ?’ ಎಂದು ಮುನಿಕೃಷ್ಣ ರೇಗಿದ. ಅವನಿಗೆ ಎಲ್ಲವನ್ನೂ ಹೇಳಿದಳು. ‘ಅಷ್ಟೇನಾ? ಎರಡು ಮೊಟ್ಟೆಗೆ ಇಷ್ಟೊಂದಾ?’ ಎಂದು ನಕ್ಕುಬಿಟ್ಟ. ಕೇಕಿನ ಕ್ಲಾಸಿನಲ್ಲಿ ಪಕ್ಕದವಳು ನಕ್ಕಾಗ ಆದದ್ದು ಮರುವಾರಕ್ಕೆ ಮರೆತುಹೋಗುವ ಅವಮಾನ. ಇದು ಹಾಗಲ್ಲ ಎಂಬುದನ್ನು ಯಾರಿಗೂ ಬಿಡಿಸಿ ಹೇಳಲಾಗಲಿಲ್ಲ.

ಮಗುವಿಗೆ ಎರಡು ತುಂಬುವ ಆಗಸ್ಟ್ ಬಂತು. ಹುಟ್ಟುಹಬ್ಬದ ಬೆಳಿಗ್ಗೆ ಲಕ್ಷ್ಮವ್ವ ಕೆಳಗಿಳಿದು ಬಂದು ಬಾಗಿಲಲ್ಲಿ ನಿಂತಳು.

‘ಸವಿತಾ ಬ್ಯಾಕರಿಯಿಂದ ತರ್ತೀನಿ ಅಂದ್ಳು. ನಾ ಬ್ಯಾಡಂದೆ. ನೀನ ಮಾಡು. ನಾ ಕುಂತು ನೋಡ್ತೀನಿ.’

ಶ್ಯಾಮಲಾ ಅಡುಗೆಮನೆಯಲ್ಲಿ ಸ್ಟೂಲು ಹಾಕಿದಳು. ಲಕ್ಷ್ಮವ್ವ ಕೂತಳು. ಮೈದಾ ಜರಡಿ ಹಿಡಿದದ್ದು, ಮೊಸರಿಗೆ ಸೋಡಾ ಬೆರೆಸಿದಾಗ ನೊರೆ ಎದ್ದದ್ದು, ಎಣ್ಣೆ ಸುರಿದದ್ದು, ಒಂದೊಂದನ್ನೂ ಕಣ್ಣು ಕದಲಿಸದೆ ನೋಡಿದಳು. ಪ್ರತಿ ಡಬ್ಬದ ಮುಚ್ಚಳ ತೆಗೆಯುವಾಗಲೂ ಶ್ಯಾಮಲಾಳ ಕೈ ನಡುಗಿತು. ನಂಬಿಕೆಯಿಲ್ಲದ ಆ ಎರಡು ಕಣ್ಣು ಬೆನ್ನ ಮೇಲಿದ್ದದ್ದು ನೋಯಿಸುತ್ತಿತ್ತು. ಇಷ್ಟಕ್ಕಾದರೂ ಬಂದು ಕೂತಿದ್ದಾರಲ್ಲ ಎಂದೂ ಅನಿಸುತ್ತಿತ್ತು.

ಕೇಕು ನಡುವೆ ಸ್ವಲ್ಪ ತಗ್ಗಾಗಿಯೇ ಬಂತು. ಅದನ್ನು ಕ್ರೀಮಿನಿಂದ ಮುಚ್ಚಲು ಹೋಗದೆ ಹಾಗೇ ಒಯ್ದಳು. ಸಂಜೆ ಮಗು ತಾನೇ ಕತ್ತರಿಸಿ ಮೂತಿಗೆಲ್ಲ ಮೆತ್ತಿಕೊಂಡಿತು. ಸವಿತಾ ಅತ್ತೆಗೂ ಒಂದು ತುಂಡು ಕೊಟ್ಟಳು. ಲಕ್ಷ್ಮವ್ವ ಅದನ್ನು ತಟ್ಟೆಯಲ್ಲಿ ಇಟ್ಟುಕೊಂಡು, ಪೂಜೆಯಾದ ಮೇಲೆ ನೋಡುತ್ತೇನೆ ಎನ್ನುತ್ತ ಒಳಗೆ ಹೋದಳು. ತಿಂದಳೋ ಇಲ್ಲವೋ, ಶ್ಯಾಮಲಾ ಕೇಳಲಿಲ್ಲ.