ನಾಲ್ಕನೆಯ ಕಾಲು

ಪೇಟೆಗೆ ಅವನು ಒಂದೇಟು ಮೇಸ್ತ್ರಿ, ನನ್ನ ಮಕ್ಕಳಿಗೆ ಚಿಕ್ಕಪ್ಪ, ನನಗೆ ಮೈದುನ. ವಯಸ್ಸು ಐವತ್ತೆಂಟು. ಹೆಂಡತಿ ಮನೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡವಳು, ಮಾತಿಗೂ ಕತ್ತರಿ ಹಿಡಿದೇ ಕೂತವಳು. ಒಬ್ಬಳೇ ಮಗಳು, ಮದುವೆಯಾಗಿ, ಬಸ್ಸಿನಲ್ಲಿ ಅರ್ಧ ದಿನ ಹಿಡಿಯುವ ಊರಿನಲ್ಲಿದ್ದಾಳೆ. ಒಬ್ಬನೇ ಅಣ್ಣ, ಆ ಅಣ್ಣನ ಹೆಂಡತಿ ನಾನು. ಇಷ್ಟು ಜನರ ನಡುವೆ ಒಂದು ತಗಡಿನ ಶೆಡ್ಡು, ಅದರೊಳಗೆ ಎರಡು ಮನೆಯ ಅನ್ನ.

ಪಿಕಪ್ ಗಾಡಿಗಳಿಗೆ ಬೇಕಾದ ಕಬ್ಬಿಣದ ಸಾಮಾನು ಮಾಡಿಕೊಡುವುದು ಅವನ ಕೆಲಸ. ನಲ್ಲಿ ಕೆಲಸದವನಿಗೆ ಉದ್ದನೆಯ ಪೈಪು ಕಟ್ಟುವ ಕ್ಯಾರಿಯರ್, ಬಣ್ಣ ಬಳಿಯುವವನಿಗೆ ಏಣಿ ಮಲಗಿಸುವ ಚೌಕಟ್ಟು, ಮಂಡಿ ನೋವಿನ ಹಳೆಯ ಚಾಲಕನಿಗೆ ಹತ್ತಲು ತಗ್ಗಿನ ಮೆಟ್ಟಿಲು. ಅಂಗಡಿಯಲ್ಲಿ ಸಿಗುವ ಸಿದ್ಧ ಸಾಮಾನು ಎಲ್ಲರಿಗೂ ಅರ್ಧಂಬರ್ಧ ಹೊಂದುತ್ತದೆ. ಇವನದು ಒಬ್ಬನಿಗೇ ಹೊಂದುವುದು, ಆದರೆ ಪೂರ್ತಿಯಾಗಿ. ಗಾಡಿ ಬಂದು ನಿಂತಾಗ ಅಣ್ಣ ತಮ್ಮ ಇಬ್ಬರೂ ಸಾಮಾನನ್ನು ಎತ್ತಿ ಬಾಡಿಯ ಮೇಲೆ ಇಡುತ್ತಿದ್ದರು. ಇವನು ಅಂಗೈಯಿಂದ ಒಂದು ಏಟು ಕೊಡುತ್ತಿದ್ದ. ಅಷ್ಟಕ್ಕೇ ನಾಲ್ಕು ಕಾಲೂ ಕೂತು, ಬೋಲ್ಟಿನ ತೂತುಗಳು ಒಂದಕ್ಕೊಂದು ಕಣ್ಣಿಟ್ಟು ನೋಡುತ್ತಿದ್ದವು. ಹೆಸರು ಬಂದದ್ದು ಹಾಗೆ. ಅವನೂ ಆ ಹೆಸರಿನ ಮೇಲೆ ಹಟ ಕಟ್ಟಿಕೊಂಡಿದ್ದ. "ಎರಡನೇ ಏಟು ಬೇಕಾದ ದಿನ ವೆಲ್ಡಿಂಗ್ ಹೋಲ್ಡರ್ ಕೆಳಗಿಡ್ತೀನಿ ಅತ್ತಿಗೆ. ಆಮೇಲೆ ನನ್ನ ಕೈಗೆ ಪೊರಕೆ ಕೊಡಿ" ಎನ್ನುತ್ತಿದ್ದ. ನಾನು ತಮಾಷೆ ಎಂದುಕೊಂಡಿದ್ದೆ.

ಗಾಡಿಯವರು ಯಾರೂ ಗಾಡಿಯನ್ನು ಶೆಡ್ಡಿನಲ್ಲಿ ಬಿಟ್ಟುಹೋಗುವುದಿಲ್ಲ. ಗಾಡಿ ನಿಂತರೆ ಅವರ ಒಲೆ ನಿಲ್ಲುತ್ತದೆ. ಆದ್ದರಿಂದ ಇವನು ಅಪಘಾತದಲ್ಲಿ ಸತ್ತ ಒಂದು ಪಿಕಪ್‌ನ ಹಿಂದಿನ ಬಾಡಿಯನ್ನು ತಂದು, ಕಬ್ಬಿಣದ ಕಾಲುಗಳ ಮೇಲೆ ಕೂರಿಸಿ, ಅದನ್ನೇ ಅಚ್ಚು ಮಾಡಿಕೊಂಡಿದ್ದ. ಎಲ್ಲ ಚೌಕಟ್ಟುಗಳೂ ಹುಟ್ಟುತ್ತಿದ್ದದ್ದು ಅದರ ಮೇಲೆ. ಮೇಲಿನ ಚೌಕಟ್ಟನ್ನು ಮಟ್ಟಕ್ಕೆ ನಿಲ್ಲಿಸಿ, ಕೆಳಗೆ ಬಾಡಿಯ ಅಂಚಿಗೆ ಪೈಪನ್ನು ಊರಿ, ಕಣ್ಣಳತೆಯಲ್ಲಿ ಚಾಕಿನ ಗೆರೆ ಎಳೆದು ಕಾಲು ಕತ್ತರಿಸುತ್ತಿದ್ದ. ಟೇಪು ಹಿಡಿದದ್ದನ್ನು ನಾನು ಕಂಡದ್ದು ಕಡಿಮೆ.

ಆ ಬಾಡಿಯ ಒಂದು ಮೂಲೆ, ಗೋಡೆಯ ಕಡೆಯದು, ಅಪಘಾತದಲ್ಲಿ ಒಂದು ಬೆರಳಿನಷ್ಟು ಕುಸಿದಿತ್ತು. ತಂದ ವಾರವೇ ಅವನು ಕುಸಿದಷ್ಟೇ ದಪ್ಪದ ಕಬ್ಬಿಣದ ಪಟ್ಟಿಯೊಂದನ್ನು ಆ ಮೂಲೆಯ ಮೇಲೆ ವೆಲ್ಡ್ ಮಾಡಿ ಮಟ್ಟ ಮಾಡಿದ್ದ. ವರ್ಷಗಳು ಕಳೆದ ಹಾಗೆ ಚೌಕಟ್ಟುಗಳಿಗೆ ನಾನು ಬಳಿಯುವ ಬಣ್ಣ, ಅವನ ಕಬ್ಬಿಣದ ತುಕ್ಕು, ಎಲ್ಲರ ಕೈಜಿಡ್ಡು ಸೇರಿ ಪಟ್ಟಿ ಬಾಡಿಯಲ್ಲೇ ಒಂದಾಗಿಹೋಯಿತು. ಒಂದೇ ಕಟ್ಟಪ್ಪಣೆ ಇತ್ತು: ಆ ಬಾಡಿಗೆ ಯಾರೂ ಕೈ ಹಚ್ಚಬಾರದು.

ಮುಂದೆ ಆದದ್ದು ನನಗೆ ತಡವಾಗಿ ತಿಳಿಯಿತು. ಆದರೆ ಇಲ್ಲಿ ಮೊದಲೇ ಹೇಳಿಬಿಡುತ್ತೇನೆ. ಒಗಟು ಕಟ್ಟಿ ಓದುವವರನ್ನು ಕಾಯಿಸುವುದು ನನ್ನ ಸ್ವಭಾವವಲ್ಲ.

ಮಗಳ ಹೆರಿಗೆಗೆಂದು ಮೈದುನ ಹೆಂಡತಿಯೊಂದಿಗೆ ಊರು ಬಿಟ್ಟಿದ್ದ. ಪಕ್ಕದ ಟೈರಿನವನು ಶೆಡ್ಡಿಗೆ ಬಂದು, ಬಗ್ಗಿ ಬಾಡಿಯ ಕೆಳಗೆ ನೋಡಿ, "ಏನ್ ದೊಡ್ಡಣ್ಣ, ಅಚ್ಚೇ ಸೊಟ್ಟ! ನಿಮ್ಮ ತಮ್ಮ ಇದ್ರ ಮೇಲೆ ಮಾಡಿದ್ದು ನೆಟ್ಟಗಿರುತ್ತಾ?" ಎಂದು ನಕ್ಕನಂತೆ. ನನ್ನ ಗಂಡ ಮಾತು ಮರೆಯುವವರಲ್ಲ. ಜೀವನವಿಡೀ ತಮ್ಮನ ಕೈಕೆಳಗೆ ಗ್ರೈಂಡರ್ ಹಿಡಿದ ಅಣ್ಣನಿಗೆ, ತಾನೂ ಒಂದು ಕೆಲಸವನ್ನು ಸ್ವಂತ ಬುದ್ಧಿಯಿಂದ ಮಾಡಿ ತೋರಿಸಬೇಕೆನ್ನಿಸಿರಬೇಕು. ಮೂಲೆಯ ಕೆಳಗೆ ಜಾಕ್ ಕೊಟ್ಟು ಎತ್ತಿದರು, ಬಾಡಿಯ ಅಡ್ಡಪಟ್ಟಿಯನ್ನು ಕಾಯಿಸಿ ನೆಟ್ಟಗೆ ಮಾಡಿದರು, ಕೆಳಗೆ ಹೊಸ ಆಸರೆ ಬೆಸೆದರು. ಕೆಲಸ ಸೊಗಸಾಗಿಯೇ ಆಗಿತ್ತು. ಮೇಲಿನ ಪಟ್ಟಿಯನ್ನು ಮಾತ್ರ ಕೀಳಲಿಲ್ಲ. ಅದು ಅಲ್ಲಿದೆಯೆಂಬ ನೆನಪೇ ಅವರಿಗಿರಲಿಲ್ಲ. ತಗ್ಗು ಹೋಯಿತು, ತಗ್ಗಿಗೆ ಇಟ್ಟ ಪಟ್ಟಿ ಉಳಿಯಿತು. ಇನ್ನು ಆ ಮೂಲೆಯಲ್ಲಿ ಊರಿ ಕತ್ತರಿಸಿದ ಪ್ರತಿ ಕಾಲೂ ಒಂದು ಬೆರಳು ಗಿಡ್ಡ.

ತಮ್ಮ ಬಂದಾಗ ಹೇಳಬೇಕೆಂದಿದ್ದರಂತೆ. ಅವನು ಮೊಮ್ಮಗಳ ಮೂಗಿನ ವಿಷಯ ಹೇಳುತ್ತಾ ಬಂದ. ಇವರ ಮಾತು ಬಾಯಲ್ಲೇ ಉಳಿಯಿತು.

ಮೊದಲು ಕೆಟ್ಟದ್ದು ನಲ್ಲಿಯವನ ಕ್ಯಾರಿಯರ್. ಏಟು ಕೊಟ್ಟ, ಕೂರಲಿಲ್ಲ. ನಾಲ್ಕನೆಯ ಕಾಲು ಗಾಳಿಯಲ್ಲಿ ನಿಂತಿತ್ತು. ನಲ್ಲಿಯವನು ಒಳ್ಳೆಯವನು, "ವಾಷರ್ ಹಾಕ್ಕೊಳ್ತೀನಿ ಬಿಡಿ ಮೇಸ್ತ್ರಿ" ಎಂದು ಹೊರಟುಹೋದ. ಮೈದುನ ಆ ದಿನ ಊಟಕ್ಕೆ ಬರಲಿಲ್ಲ. ಕತ್ತರಿಸಿ ಉಳಿದ ಪೈಪಿನ ತುಂಡುಗಳನ್ನು ಬೆಂಚಿನ ಮೇಲೆ ಜೋಡಿಸಿಕೊಂಡು, ತಪ್ಪು ಮಾಡಿದ ಮಕ್ಕಳನ್ನು ವಿಚಾರಿಸುವವನ ಹಾಗೆ ಒಂದೊಂದನ್ನೇ ತಿರುಗಿಸಿ ನೋಡುತ್ತಾ ಕೂತಿದ್ದ.

ಎರಡನೆಯದು ಗಾಜಿನಮ್ಮನದು. ಕಿಟಕಿ ಗಾಜಿನ ಅಂಗಡಿಯ ಒಡತಿ, ಬಾಯಿ ಜೋರು, ಮನಸ್ಸು ದೊಡ್ಡದು. ಹಾಳೆ ಗಾಜುಗಳನ್ನು ಒರಗಿಸಿ ಒಯ್ಯುವ ಚೌಕಟ್ಟು ಕೇಳಿದ್ದಳು. ನಾನೇ ರೆಡ್ ಆಕ್ಸೈಡ್ ಬಳಿದು, ಮೇಲೆ ಹಸಿರು ಬಣ್ಣ ಕೊಟ್ಟಿದ್ದೆ. ಗಾಡಿಯ ಮೇಲೆ ಇಟ್ಟು ಏಟು ಕೊಟ್ಟಾಗ ಟಕ್ ಎಂದಿತು. ಅವಳು ಮೂಲೆಯನ್ನು ಒತ್ತಿದಳು, ಟಕ್. ಬಿಟ್ಟಳು, ಟಕ್.

"ಮೇಸ್ತ್ರಿ, ನಾನು ಕೇಳಿದ್ದು ಗಾಜು ಇಡೋದು, ತೊಟ್ಟಿಲಲ್ಲ. ನನ್ನ ಸಾಮಾನು ತೂಗಿದರೆ ಮಲಗಲ್ಲಪ್ಪ, ಒಡೆಯುತ್ತೆ!"

ನಾಲ್ಕು ಜನ ನಕ್ಕರು. ಅವಳೇ ಮೆತ್ತಗಾಗಿ, "ಕೆಳಗೊಂದು ರಬ್ಬರ್ ತುಂಡು ಇಟ್ಟುಬಿಡಿ, ಆಗುತ್ತೆ" ಎಂದಳು.

"ಬೇರೆಯವರ ಕೆಲಸಕ್ಕಾದರೆ ಇಡ್ತೀನಿ. ನನ್ನದಕ್ಕೆ ಇಡಲ್ಲ" ಎಂದು ಅವನು ಚೌಕಟ್ಟನ್ನು ಕೆಳಗಿಳಿಸಿದ.

ಅದೇ ಕಾಲು ಎರಡನೆಯ ಸಲ ಗಿಡ್ಡವಾದದ್ದು ಅವನ ತಲೆಗೆ ಹೊಳೆಯದೆ ಇರಲಿಲ್ಲ. ಅವನ ಮಂಡಿ ಬಗ್ಗುವುದಿಲ್ಲ, ಬಾಡಿಯ ಕೆಳಗೆ ತೂರಲಾರ. "ಅಣ್ಣ, ಸ್ವಲ್ಪ ಕೆಳಗೆ ಹೋಗಿ ನೋಡು. ಗೋಡೆ ಕಡೆ ಮೂಲೆ ಮೊದಲಿನ ಹಾಗೇ ಇದೆಯಾ? ಏನಾದರೂ ಸರಿದಿದೆಯಾ?" ಎಂದ.

ನಾನು ಬಾಗಿಲಲ್ಲಿ ಬಣ್ಣದ ಬ್ರಷ್ ತೊಳೆಯುತ್ತಿದ್ದೆ. ನನ್ನ ಗಂಡ ಬೆನ್ನಡಿಗೆ ಗೋಣಿ ಹಾಸಿಕೊಂಡು ಒಳಗೆ ತೂರಿದರು. ಹೊರಗೆ ಪಾದಗಳು ಮಾತ್ರ ಕಾಣುತ್ತಿದ್ದವು. ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಒಳಗಿದ್ದರು.

"ಹೇಗಿತ್ತೋ ಹಾಗೇ ಇದೆ ಕಣೋ" ಎಂದರು.

ಅಲ್ಲಿಗೆ ಮುಗಿಯಿತು. ಮೈದುನ ತನ್ನ ಕಣ್ಣನ್ನು ಸಂದೇಹಿಸಿದ, ಕೈಯನ್ನು ಸಂದೇಹಿಸಿದ, ಚಾಕನ್ನು ಬದಲಾಯಿಸಿದ, ಗರಗಸದ ಬ್ಲೇಡು ಬದಲಾಯಿಸಿದ. ಅಣ್ಣನ ಮಾತನ್ನು ಮಾತ್ರ ಸಂದೇಹಿಸಲಿಲ್ಲ. ಓರಗಿತ್ತಿ ಅವನನ್ನು ಕನ್ನಡಕದ ಅಂಗಡಿಗೆ ಎಳೆದುಕೊಂಡು ಹೋದಳು. ದಾರಿಯುದ್ದಕ್ಕೂ, "ಕಣ್ಣು ಕಾಣದಿದ್ದರೆ ಒಪ್ಪಿಕೊಳ್ಳಿ, ಯಾರೂ ನಿಮ್ಮ ಮೀಸೆ ಕತ್ತರಿಸಲ್ಲ" ಎಂದು ಗದರಿದಳಂತೆ. ಹೊಸ ಕನ್ನಡಕ ಮೂಗಿಗೇರಿಸಿ, ಗಾಜಿನಮ್ಮನ ಚೌಕಟ್ಟನ್ನು ಮೊದಲಿನಿಂದ ಮತ್ತೆ ಮಾಡಿದ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಗೆರೆ ಎಳೆದ. ಅವಳ ಗಾಡಿಯ ಮೇಲೆ ಇಟ್ಟು ಏಟು ಕೊಟ್ಟ. ಟಕ್.

ಅವನು ಬೈಯಲಿಲ್ಲ, ಎಸೆಯಲಿಲ್ಲ. ಹೋಲ್ಡರ್‌ಗೆ ಕೇಬಲ್ ಸುತ್ತಿ ಮೊಳೆಗೆ ನೇತುಹಾಕಿ ಮನೆಗೆ ಹೋದ. ಗಾಜಿನಮ್ಮ ನನ್ನ ಮುಖ ನೋಡಿದಳು. ನಾನು ನನ್ನ ಗಂಡನ ಮುಖ ನೋಡಿದೆ. ಅವರು ನೆಲ ನೋಡುತ್ತಿದ್ದರು.

ಕೆಲವು ದಿನ ಬಿಟ್ಟು, ಮಧ್ಯಾಹ್ನ ಓರಗಿತ್ತಿಯ ಮನೆಗೆ ಹೋದೆ. ಮೈದುನ ಅವಳ ಯಂತ್ರದ ಪಕ್ಕದಲ್ಲಿ ಚಾಪೆಯ ಮೇಲೆ ಕಾಲು ಚಾಚಿ ಕೂತು ಅಂಗಿಗಳಿಗೆ ಗುಂಡಿ ಹೊಲಿಯುತ್ತಿದ್ದ. ಅವನ ದಪ್ಪ ಬೆರಳುಗಳಲ್ಲಿ ಸೂಜಿ ಕಳೆದೇಹೋದಂತಿತ್ತು.

"ಬನ್ನಿ ಅತ್ತಿಗೆ. ನೋಡಿ, ಬಡ್ತಿ ಸಿಕ್ಕಿದೆ ನನಗೆ."

"ದಿನಕ್ಕೆ ಹತ್ತು ಸಲ ಉಸಿರು ಬಿಡ್ತಾರೆ ಅಕ್ಕ. ಬಟ್ಟೆಯೆಲ್ಲ ಹಾರಿಹೋಗುತ್ತೆ" ಎಂದಳು ಓರಗಿತ್ತಿ.

ಅಷ್ಟರಲ್ಲಿ ದಾರ ಮುಗಿಯಿತು. ಅವನು ಹೊಸ ದಾರ ಕತ್ತರಿಸಿ, ನನ್ನ ಜೊತೆ ಮಾತಾಡುತ್ತಲೇ, ಕಿಟಕಿಯ ಕಡೆ ತಿರುಗದೆಯೇ, ಒಂದೇ ಸಲಕ್ಕೆ ಸೂಜಿಗೆ ಪೋಣಿಸಿದ. ಕನ್ನಡಕ ಕಪಾಟಿನ ಮೇಲೆ ಪೆಟ್ಟಿಗೆಯಲ್ಲೇ ಇತ್ತು. ನಾನು ಕೂತಲ್ಲಿಂದ ಎದ್ದೆ. ಚಹಾ ಕುಡಿದು ಹೋಗಿ ಎಂದರು, ಕುಡಿಯಲಿಲ್ಲ.

ನನ್ನ ಗಂಡ ಅಡುಗೆಮನೆಯಲ್ಲಿ ಕುಕ್ಕರಿನ ಸಡಿಲ ಹಿಡಿಯನ್ನು ಬಿಗಿ ಮಾಡುತ್ತಿದ್ದರು. ಎದುರಿಗೆ ನಿಂತು ಕೇಳಿದೆ.

"ಅವನ ಕಣ್ಣು ನನ್ನ ಕಣ್ಣಿಗಿಂತ ಚೆನ್ನಾಗಿದೆ. ಬಾಡಿಗೆ ಏನು ಮಾಡಿದ್ರಿ?"

"ಏನು ಮಾಡಿದೆ? ಏನೂ..."

"ನನ್ನನ್ನ ನೋಡಿ ಹೇಳಿ."

ನೋಡಲಿಲ್ಲ, ಆದರೆ ಹೇಳಿದರು. ಟೈರಿನವನ ನಗು, ಜಾಕು, ಆಸರೆ, ಎಲ್ಲವನ್ನೂ. ಮೊದಲ ಕ್ಯಾರಿಯರ್ ಅಲುಗಿದ ದಿನವೇ ಪಟ್ಟಿಯ ನೆನಪಾಯಿತಂತೆ. "ಅಣ್ಣನಾಗಿ ತಮ್ಮನ ಮುಂದೆ ಹೇಗೆ ಹೇಳಲಿ? ಇವತ್ತು ಹೇಳೋಣ, ನಾಳೆ ಹೇಳೋಣ ಅಂತ ಇದ್ದೆ. ಅವನೂ ದಣಿದಿದಾನೆ, ಬಿಟ್ಟರೆ ಬಿಡಲಿ ಅನ್ನಿಸ್ತು."

"ಅವನು ಕೆಲಸ ಬಿಟ್ಟರೆ ಬಿಡಲಿ ಅನ್ನಿಸಿತೋ, ನಿಮ್ಮ ತಪ್ಪು ಮುಚ್ಚಿದರೆ ಮುಚ್ಚಲಿ ಅನ್ನಿಸಿತೋ?"

ಅವರು ಮತ್ತೆ ಕುಕ್ಕರಿನ ಹಿಡಿ ತಿರುಗಿಸತೊಡಗಿದರು. "ಹಿಡಿ ಹಾಗೇ ಇರಲಿ. ಎದ್ದು ಚಪ್ಪಲಿ ಹಾಕ್ಕೊಳ್ಳಿ" ಎಂದೆ.

ಮೈದುನ ಗುಂಡಿ ಹೊಲಿಯುತ್ತಲೇ ಅಣ್ಣ ಹೇಳಿದ್ದೆಲ್ಲವನ್ನೂ ಕೇಳಿಸಿಕೊಂಡ. ಓರಗಿತ್ತಿ ಯಂತ್ರ ನಿಲ್ಲಿಸಿದಳು. ಹೊಲಿದು ಮುಗಿಸಿ ದಾರ ಕಚ್ಚಿ ತುಂಡು ಮಾಡಿ, ಅಂಗಿಯನ್ನು ಮಡಿಸಿಟ್ಟು, ಅವನು ಎದ್ದು ಶೆಡ್ಡಿಗೆ ನಡೆದ. ನಾವು ಹಿಂದೆ ಹೋದೆವು. ಮೂಲೆಯ ಮೇಲೆ ಬೆರಳಾಡಿಸಿದ. ಉಳಿ ಸುತ್ತಿಗೆ ತೆಗೆದುಕೊಂಡು, ಬೆಸುಗೆ ಒಡೆದು, ಬಣ್ಣದ ಪದರಗಳೊಂದಿಗೆ ಆ ಪಟ್ಟಿಯನ್ನು ಎಬ್ಬಿಸಿ ತೆಗೆದು ಬೆಂಚಿನ ಮೇಲೆ ಅಣ್ಣನ ಮುಂದಿಟ್ಟ. ಗಾಜಿನಮ್ಮನ ಚೌಕಟ್ಟಿನ ನಾಲ್ಕನೆಯ ಕಾಲನ್ನು ಮಾತ್ರ ಕತ್ತರಿಸಿ, ಹೊಸದನ್ನು ಕೂರಿಸಿದ. ಕನ್ನಡಕ ಹಾಕಿಕೊಳ್ಳಲಿಲ್ಲ.

ಗಾಜಿನಮ್ಮ ಗಾಡಿ ತಂದಳು. ಒಂದು ಏಟು. ಚೌಕಟ್ಟು ಕೂತಿತು. ಅವಳು ನಾಲ್ಕೂ ಮೂಲೆ ಒತ್ತಿ, ಕೊನೆಗೆ ತಾನೇ ಹತ್ತಿ ನಿಂತು, "ಈಗ ನನ್ನನ್ನೂ ಹೊರುತ್ತೆ!" ಎಂದಳು. ನನ್ನ ಗಂಡ ಒಬ್ಬರೇ ಗಟ್ಟಿಯಾಗಿ ನಕ್ಕರು. ಎಲ್ಲ ಸರಿಹೋಯಿತೆಂದು ತಿಳಿದರು.

ಗಾಡಿ ಹೋದ ಮೇಲೆ ಮೈದುನ ಕೈ ತೊಳೆದುಕೊಂಡು ಹೇಳಿದ: "ಮೂಲೆ ನೆಟ್ಟಗೆ ಮಾಡಿದ್ದಕ್ಕೆ ಬೇಜಾರಿಲ್ಲ ಅಣ್ಣ. ಚೆನ್ನಾಗೇ ಮಾಡಿದೀಯ. ಆದರೆ ನಾನು ನನ್ನ ಕಣ್ಣನ್ನ ಬಿಟ್ಟು ನಿನ್ನ ಮಾತು ನಂಬಿದೆ. ಇನ್ನು ನಿನ್ನ ಮಾತನ್ನ ಯಾವುದರ ಮೇಲಿಟ್ಟು ಅಳೀಲಿ?"

"ತಪ್ಪಾಯ್ತು ಕಣೋ."

"ಆಯ್ತು ಬಿಡು" ಎಂದ. ಆ ಬಿಡು ಎಂಬ ಮಾತಿನಲ್ಲಿ ಕ್ಷಮೆ ಇತ್ತೇ ಹೊರತು ಹಿಂದಿರುಗುವ ದಾರಿ ಇರಲಿಲ್ಲ.

ಈಗ ಅವನು ಪೇಟೆಯ ಆ ತುದಿಯಲ್ಲಿ, ಬೇರೆಯವರು ಗಾಡಿಗಳ ಬಾಡಿ ಕಟ್ಟುವ ಅಂಗಳದಲ್ಲಿ ಕೂಲಿಗಿದ್ದಾನೆ. ಅಲ್ಲಿ ಗಾಡಿಗಳೇ ಬಂದು ನಿಲ್ಲುತ್ತವೆ. ಅಳತೆಯೆಲ್ಲ ಗಾಡಿಯ ಮೇಲೆಯೇ. ಅಣ್ಣ ತಮ್ಮ ಮಾತು ಬಿಟ್ಟಿಲ್ಲ. ಮೊಮ್ಮಗಳ ಜ್ವರ, ನೀರಿನ ಬಿಲ್ಲು, ಎಲ್ಲ ಮಾತಾಡುತ್ತಾರೆ. ಕಬ್ಬಿಣದ ಮಾತು ಮಾತ್ರ ಇಲ್ಲ. ನಾನು ಎರಡು ಸಲ ಹೋಗಿ ಕರೆದೆ. ಕರೆದಾಗ ಬರುವುದು ಬಿಟ್ಟು, "ನೀವು ಹೇಳೋದು ಸರಿ ಅತ್ತಿಗೆ. ಆದರೆ ಅಲ್ಲಿ ಗೆರೆ ಎಳೆಯೋಕೆ ಹೋದರೆ ಕೈ 'ಇದು ಸರಿಯಾ' ಅಂತ ಇನ್ನೊಂದು ಸಲ ಕೇಳುತ್ತೆ" ಎನ್ನುತ್ತಾನೆ. ಒಬ್ಬರಿಗೆ ಹೇಳಬೇಕಾದಾಗ ಬಾಯಿ ಬರಲಿಲ್ಲ, ಇನ್ನೊಬ್ಬನಿಗೆ ಮರಳಬೇಕಾದಾಗ ಕೈ ಬರುವುದಿಲ್ಲ. ಇಬ್ಬರ ಹಟದ ನಡುವೆ ನಿಂತು ನನಗೆ ತಲೆ ಚಿಟ್ಟು ಹಿಡಿದಿದೆ.

ಅವನು ಶೆಡ್ಡಿನಲ್ಲಿ ಬಿಟ್ಟುಹೋದದ್ದು:

ಅಚ್ಚಿನ ಬಾಡಿ, ಈಗ ನಾಲ್ಕು ಮೂಲೆಯೂ ನೆಟ್ಟಗೆ, ಮೇಲೆ ಏನೂ ಇಲ್ಲ.

ಮತ್ತೆ ಕೇಬಲ್ ಸುತ್ತಿ ಮೊಳೆಗೆ ನೇತುಹಾಕಿದ ಹೋಲ್ಡರ್.

ತೋಳಿನಲ್ಲಿ ಕಿಡಿಯ ತೂತುಗಳಿರುವ ಖಾಕಿ ಅಂಗಿ. ಓರಗಿತ್ತಿ ಹೊಲಿದ ತೇಪೆಗಳು ಮೂಲ ಬಟ್ಟೆಗಿಂತ ಹೆಚ್ಚು.

ಒಡೆದ ಕಪ್ಪಿನ ತುಂಬ ಚಾಕಿನ ಚೂರು.

ಹೊರಡುವ ದಿನ ಮನೆಯಿಂದ ತಂದಿಟ್ಟ ಹೊಸ ಕನ್ನಡಕ, ಪೆಟ್ಟಿಗೆಯೊಂದಿಗೆ.

ಗಾಜಿನಮ್ಮನ ಚೌಕಟ್ಟಿನಿಂದ ಕತ್ತರಿಸಿದ ಗಿಡ್ಡ ಕಾಲು, ಹಸಿರು ಬಣ್ಣ ನನ್ನದು.

ಅಣ್ಣ.

ಕಿತ್ತ ಪಟ್ಟಿ. ಅದನ್ನು ಎಲ್ಲಿಡಲಿ ಎಂದು ನನ್ನ ಗಂಡ ಕೇಳುತ್ತಲೇ ಇರುತ್ತಾರೆ. ನಾನು ಹೇಳಿಲ್ಲ.